ಕೆಂದನ ಗಂಟು

"ಅಜ್ಜಯ್ಯ, ಕೈಲಾಗದ ಪ್ರಾಣಿಯನ್ನು ಒಳ್ಳೆಯ ಜಾಗಕ್ಕೆ ತಂದು ಒಪ್ಪಿಸಿದ ಮೇಲೆ, ಒಪ್ಪಿಸಿದವನ ಹೊಣೆ ಅಲ್ಲಿಗೆ ಮುಗಿಯಿತಲ್ಲವೇ?"

ಕೊಟ್ರಯ್ಯ ಈ ಪ್ರಶ್ನೆ ಕೇಳಿದ್ದು ಬೆಳಗಿನ ಪೂಜೆ ಮುಗಿಸಿ ಗುರುಗಳು ಮಠದ ಕಟ್ಟೆಯ ಮೇಲೆ ಬಂದು ಕುಳಿತಾಗ. ಮಠದ ಹಿಂದೆ ಮುದಿ ದನಗಳ ದೊಡ್ಡಿಯೊಂದಿತ್ತು. ಅಂದು ಹೊತ್ತು ಹುಟ್ಟುವ ಮೊದಲೇ ಕೊಟ್ರಯ್ಯ ತನ್ನ ಮನೆಯ ಕುರುಡು ಎಮ್ಮೆಯನ್ನು ಊರಿನಿಂದ ನಡೆಸಿಕೊಂಡು ಬಂದು ಆ ದೊಡ್ಡಿಯಲ್ಲಿ ಕಟ್ಟಿದ್ದ. ಮನೆಯಲ್ಲಿ ಅದನ್ನು ನೋಡಿಕೊಳ್ಳುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಈಗ ಅವನ ಮುಖ ಹೊರೆ ಇಳಿಸಿದವನ ಮುಖದಂತಿತ್ತು.

ಗುರುಗಳು ಕಾವಿಯ ಅಂಚಿಗೆ ಅಂಟಿದ್ದ ಹುಲ್ಲಿನ ಎಸಳೊಂದನ್ನು ತೆಗೆದು ಪಕ್ಕಕ್ಕೆ ಹಾಕಿದರು.

"ಎಮ್ಮೆ ಮೇವು ತಿಂದಿತೇ?"

"ಬುಟ್ಟಿ ತುಂಬ ಹಾಕಿ ಬಂದಿದ್ದೇನೆ ಅಜ್ಜಯ್ಯ."

"ಹಾಕಿದ್ದನ್ನು ಕೇಳಲಿಲ್ಲ, ತಿಂದದ್ದನ್ನು ಕೇಳಿದೆ. ಇರಲಿ, ಕುಳಿತುಕೋ. ಒಬ್ಬ ರೈತನ ವಿಷಯ ಹೇಳುತ್ತೇನೆ."

ಕೊಟ್ರಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನಿಗೊಂದು ಎತ್ತಿತ್ತು. ಮೈ ಕೆಂಪಾಗಿದ್ದುದರಿಂದ ಅದನ್ನು ಕೆಂದ ಎಂದು ಕರೆಯುತ್ತಿದ್ದ. ಹದಿನಾಲ್ಕು ವರ್ಷ ಅವನ ಹೊಲ ಉತ್ತದ್ದು ಕೆಂದನೇ. ಕೆಂದನಿಗೆ ಇದ್ದದ್ದು ಒಂದೇ ಒಂದು ಕೆಟ್ಟ ಚಾಳಿ. ಎಂಥ ಗಂಟು ಹಾಕಿ ಕಟ್ಟಿದರೂ ನಾಲಿಗೆ, ಹಲ್ಲು, ಕೊಂಬು ಎಲ್ಲವನ್ನೂ ಹೂಡಿ ಬಿಚ್ಚಿಕೊಂಡು, ಬೆಳಗಾಗುವಷ್ಟರಲ್ಲಿ ಪಕ್ಕದವರ ಜೋಳದ ಹೊಲದಲ್ಲಿ ನಿಂತಿರುತ್ತಿತ್ತು. ಬೈಗುಳ ತಿಂದು ತಿಂದು ಸಾಕಾದ ರೈತ ಅದಕ್ಕೆಂದೇ ಒಂದು ಗಂಟು ಕಂಡುಹಿಡಿದ. ಕಂಬಕ್ಕೆ ಎರಡು ಸುತ್ತು, ಮೇಲೊಂದು ಕುಣಿಕೆ, ಆಮೇಲೆ ಹಗ್ಗದ ತುದಿಯನ್ನು ಹಿಂಬದಿಗೆ ತಂದು ಸುತ್ತಿನ ಅಡಿಯಲ್ಲಿ ಅಡಗಿಸಿಬಿಡುವುದು. ಎಳೆದಷ್ಟೂ ಬಿಗಿಯುವ ಗಂಟು ಅದು. ತುದಿ ಎಲ್ಲಿದೆ ಎಂಬುದು ಕಟ್ಟಿದವನಿಗೆ ಮಾತ್ರ ಗೊತ್ತು.

ಕೆಂದ ನಾಲ್ಕು ದಿನ ಹೆಣಗಾಡಿ ಸೋಲೊಪ್ಪಿತು. ಆಮೇಲೆ ಅವರಿಬ್ಬರ ನಡುವೆ ಒಂದು ಒಪ್ಪಂದವಾದಂತಾಯಿತು. ಬೆಳಿಗ್ಗೆ ರೈತ ಕೊಟ್ಟಿಗೆಗೆ ಬಂದು ಗಂಟಿಗೆ ಕೈ ಹಾಕಿದ ಕೂಡಲೇ ಕೆಂದ ತಾನಾಗಿಯೇ ಎರಡು ಹೆಜ್ಜೆ ಮುಂದೆ ಬಂದು ಹಗ್ಗ ಸಡಿಲ ಮಾಡಿ ಅಲುಗದೆ ನಿಲ್ಲುತ್ತಿತ್ತು. ರೈತ ತುದಿ ಹುಡುಕಿ ಒಂದೇ ಎಳೆತಕ್ಕೆ ಬಿಚ್ಚುತ್ತಿದ್ದ.

ಹದಿನಾಲ್ಕು ವರ್ಷದ ಮೇಲೆ ಕೆಂದನ ಕಾಲು ಸೋತವು. ಮಲಗಿದರೆ ಏಳಲು ಇಬ್ಬರು ಹಿಡಿಯಬೇಕಾಯಿತು.

ರೈತ ಹೇಡಿಯಲ್ಲ. ಹಾವು ಕಂಡರೆ ಕೋಲು ಹುಡುಕುತ್ತಿದ್ದ, ಓಡುತ್ತಿರಲಿಲ್ಲ. ಆದರೆ ಸಾವನ್ನು ಕಣ್ಣಾರೆ ನೋಡುವ ಧೈರ್ಯ ಅವನಿಗಿರಲಿಲ್ಲ. ತಂದೆ ಕೊನೆಯುಸಿರು ಎಳೆಯುವಾಗ ಹಿತ್ತಲಿಗೆ ಹೋಗಿ ನಿಂತವನು ಅವನು. ಈಗ ದಿನಾ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲ ಮೇಲೆ ಕೈಯಿಟ್ಟು, ಒಳಗೆ ಉಸಿರಾಟ ಕೇಳುತ್ತದೆಯೇ ಎಂದು ಕಿವಿಗೊಡುತ್ತಿದ್ದ. ಕೇಳಿಸಿದರೆ, ಇವತ್ತಿನ ಮಟ್ಟಿಗೆ ಪಾರಾದೆ ಎನ್ನುತ್ತಿದ್ದ. ಹೊಲದಲ್ಲಿದ್ದರೂ ಮನೆಯ ಕಡೆಯಿಂದ ಯಾರಾದರೂ ಕರೆದರೆ ಅವನ ಎದೆ ಧಸಕ್ಕೆನ್ನುತ್ತಿತ್ತು. ತಿಂದ ಅನ್ನ ಮೈಗೆ ಹತ್ತದಾಯಿತು.

"ದುಡಿದ ಮನೇಲೇ ಅದರ ಜೀವ ಹೋಗ್ಲಿ ಬಿಡ್ರಿ," ಎಂದಳು ಹೆಂಡತಿ.

"ನನ್ನ ಕೈಲಿ ನೋಡಾಕಾಗಲ್ಲ," ಎಂದ ರೈತ.

ಕಟುಕರಿಗೆ ಕೊಡುವಷ್ಟು ಕಲ್ಲೆದೆಯೂ ಅವನದಲ್ಲ. ಇಂಥವರಿಗೆಂದೇ ಆ ಸೀಮೆಯಲ್ಲಿ ಒಂದು ಆಶ್ರಯವಿತ್ತು. ಕಟ್ಟಿಸಿದವನು ಒಬ್ಬ ಎಣ್ಣೆ ವ್ಯಾಪಾರಿ. ಅವನ ಗಾಣದ ಎತ್ತು ಗಾಣ ಸುತ್ತುತ್ತಲೇ ಬಿದ್ದು ಸತ್ತಿತ್ತು. ಆ ದಿನ ಮನಸ್ಸು ಮುರಿದವನು ಗಾಣ ನಿಲ್ಲಿಸಿ, ವರ್ಷವಿಡೀ ಹಸಿರು ಹುಲ್ಲು ಸಿಗುವ ಕಡೆ, ಹೊಳೆಯ ತಿರುವಿನ ತಗ್ಗಿನಲ್ಲಿ ದೊಡ್ಡಿ ಕಟ್ಟಿಸಿದ. ದನಗಳನ್ನು ನೋಡಿಕೊಳ್ಳಲು ಒಬ್ಬ ಮುದುಕಿಯನ್ನಿಟ್ಟ. ಓಡಾಡಬಲ್ಲ ದನಗಳು ದಿಬ್ಬ ಹತ್ತಿ ಮೇಯುತ್ತಿದ್ದವು. ಕಾಲು ಸೋತವುಗಳನ್ನು ಚಪ್ಪರದ ಕೆಳಗೆ ಉದ್ದನೆಯ ಹಗ್ಗದಲ್ಲಿ ಕಟ್ಟಿ, ಮೇವು ನೀರು ಇದ್ದಲ್ಲಿಗೇ ಒದಗಿಸುತ್ತಿದ್ದರು.

ವ್ಯಾಪಾರಿ ಒಳ್ಳೆಯವನು. ಒಳ್ಳೆಯವರು ಮಾಡುವ ತಪ್ಪಿನ ಬಗೆಯೇ ಬೇರೆ. ಅವನು ಅಲ್ಲಿ ಎರಡು ಕಟ್ಟಳೆ ಮಾಡಿದ್ದ. ಒಂದು, ಬೇಲಿಯೊಳಗೆ ಯಾವ ಅಲಗೂ ಬರಕೂಡದು. ಕತ್ತಿಯ ಭಯದಿಂದ ಪಾರಾಗಿ ಬಂದ ಪ್ರಾಣಿ ಇಲ್ಲಿ ಅದನ್ನು ಕಾಣಬಾರದು ಎಂಬುದು ಅವನ ಕರುಣೆ. ಹುಲ್ಲು ಕೊಯ್ಯುವ ಕುಡುಗೋಲನ್ನೂ ಬಾಗಿಲ ಹೊರಗಿನ ಗೂಡಿನಲ್ಲಿಟ್ಟೇ ಒಳಗೆ ಬರಬೇಕಿತ್ತು. ಇನ್ನೊಂದು, ತಂದವನೇ ತನ್ನ ಹಗ್ಗದಿಂದ, ತನ್ನ ಕೈಯಾರೆ ಕಟ್ಟಬೇಕು. ಪ್ರಾಣಿಯ ಜೀವ ಇರುವತನಕ ಬೇರೆಯವರು ಆ ಗಂಟನ್ನು ಮುಟ್ಟಬಾರದು. ಪರಿಚಯದ ಕೈ ಕಟ್ಟಿದ ಗಂಟು ಕಣ್ಣೆದುರಿಗಿದ್ದರೆ ಹೊಸ ಜಾಗದಲ್ಲೂ ದನ ಬೆದರುವುದಿಲ್ಲ ಎಂದು ಅವನು ನಂಬಿದ್ದ. ಅದೇನೂ ಸುಳ್ಳಾಗಿರಲಿಲ್ಲ.

ರೈತ ಒಂದು ಬೆಳಿಗ್ಗೆ ಕೆಂದನನ್ನು ಗಾಡಿಯಲ್ಲಿ ಹಾಕಿಕೊಂಡು ಅಲ್ಲಿಗೆ ಬಂದ. ಮುದುಕಿ ಹೊಳೆಯ ಕಡೆಯ ಕೊನೆಯ ಕಂಬ ತೋರಿಸಿದಳು. ರೈತ ಎರಡು ಸುತ್ತು ಸುತ್ತಿ, ಕುಣಿಕೆ ಹಾಕಿ, ತುದಿಯನ್ನು ಹಿಂದಕ್ಕೆ ತಂದು ಅಡಗಿಸಿದ. ಮುದುಕಿ ಬಗ್ಗಿ ನೋಡಿದಳು.

"ಇದ್ಯಾವ ಗಂಟಪ್ಪಾ, ತುದೀನೇ ಕಾಣವಲ್ದು. ಒಂದೀಟು ತೋರ್ಸಿಕೊಡು."

ರೈತನಿಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು. ಕೆಂದ ತನ್ನನ್ನೇ ನೋಡುತ್ತಿರುವುದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. "ಇದನ್ನ ಬಿಚ್ಚೋ ಪ್ರಸಂಗ ಎಲ್ಲಿ ಬರ್ತತಿ ಬಿಡವ್ವ," ಎಂದ.

"ಹಂಗಾದ್ರೆ ಆಗಾಗ ಬಾರಪ್ಪ. ಇಲ್ಲಿ ಮೇವಿಗೆ ಕೊರತೆ ಇಲ್ಲ, ಮಾತಾಡ್ಸೋರಿಗೇ ಕೊರತೆ."

ಬರುತ್ತೇನೆ ಎಂದು ತಲೆಯಾಡಿಸಿ ರೈತ ಗಾಡಿ ತಿರುಗಿಸಿದ. ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲನ್ನು ಹೆದರದೆ ತೆರೆದ. ಒಳಗೆ ಏನೂ ಇರಲಿಲ್ಲ. ಆ ಖಾಲಿ ಜಾಗವನ್ನು ನೋಡಿ ಅವನಿಗೆ ನೆಮ್ಮದಿಯಾಯಿತು.

ಮೊದಲ ವಾರ ಹೋಗಿ ಬರಬೇಕೆಂದುಕೊಂಡ. ಹೋದರೆ ಕೆಂದ ಹಿಂದೆ ಬರಲು ಹಗ್ಗ ಜಗ್ಗೀತು ಎಂದು ಹಿಂಜರಿದ. ಎರಡನೆಯ ವಾರ, ಮೊದಲ ವಾರ ಹೋಗದೆ ಇದ್ದುದಕ್ಕೆ ಮುದುಕಿ ಏನೆಂದಾಳೋ ಎಂದು ಹಿಂಜರಿದ. ಆಮೇಲೆ ಕಾರಣವೇ ಬೇಕಾಗಲಿಲ್ಲ. ಊರವರು ಕೇಳಿದರೆ, "ಅದಕ್ಕೇನು, ರಾಜನಂಗೈತೆ," ಎನ್ನುತ್ತಿದ್ದ. ಹೇಳಿ ಹೇಳಿ ತಾನೂ ಅದನ್ನೇ ನಂಬಿದ.

ಹೀಗೆ ನಾಲ್ಕು ತಿಂಗಳಾಯಿತು. ಮಳೆಗಾಲ ಜೋರಾಗಿತ್ತು. ಒಂದು ದಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ರೈತ ಹೊಲದ ಬದುವಿನಲ್ಲಿ ನಿಂತು ಕಟ್ಟಿದ ನೀರಿಗೆ ದಾರಿ ಮಾಡುತ್ತಿದ್ದ. ಹೊಳೆಯ ಕಡೆಯಿಂದ ತಮಟೆಯ ಸದ್ದು ಕೇಳಿಸಿತು. ಹಬ್ಬದ ಬಡಿತವಲ್ಲ. ತಾಳ ತಪ್ಪಿದ, ಉಸಿರುಗಟ್ಟಿದವನು ಬಡಿಯುವಂಥ ಬಡಿತ. ದಾರಿಯಲ್ಲಿ ಒಬ್ಬ ಕೂಗುತ್ತಾ ಓಡಿ ಹೋದ: ಮೇಲಿನ ಊರಿನ ಕೆರೆಯ ಏರಿ ಒಡೆದಿದೆ, ನೀರು ಹೊಳೆಗೆ ಬರುತ್ತಿದೆ.

ರೈತನಿಗೆ ಹೊಳೆ ನೆನಪಾಗಲಿಲ್ಲ, ಕೆರೆ ನೆನಪಾಗಲಿಲ್ಲ. ಕೊನೆಯ ಕಂಬ ನೆನಪಾಯಿತು. ಗುದ್ದಲಿ ಬಿಟ್ಟು ಓಡಿದ.

ದೊಡ್ಡಿಯ ಮೇಲಿನ ದಿಬ್ಬದಲ್ಲಿ ಆಗಲೇ ಜನ ಸೇರಿದ್ದರು. ಕಾಲು ಗಟ್ಟಿಯಿದ್ದ ದನಗಳು ತಾವಾಗಿಯೇ ದಿಬ್ಬ ಹತ್ತಿ ನಡುಗುತ್ತಾ ನಿಂತಿದ್ದವು. ಕಟ್ಟಿದ ಹದಿಮೂರು ದನಗಳು ಕೆಳಗೇ ಇದ್ದವು. ನೀರು ಅವುಗಳ ಮೊಣಕಾಲಿಗೆ ಬಂದಿತ್ತು. ಕೆಂಪು ನೀರು, ಸದ್ದಿಲ್ಲದೆ ಏರುವ ನೀರು. ಮುದುಕಿ ಒಬ್ಬಳೇ ಅದರೊಳಗೆ ಕಂಬದಿಂದ ಕಂಬಕ್ಕೆ ಹೋಗುತ್ತಿದ್ದಳು. ಕಟ್ಟಳೆಯೆಲ್ಲ ಮರೆತು ಗಂಟುಗಳಿಗೆ ಕೈ ಹಾಕಿದ್ದಳು.

"ಕುಡುಗೋಲು! ಯಾರಾದರೂ ಕುಡುಗೋಲು ತನ್ನಿ!" ಎಂದು ಒಬ್ಬ ಅರಚಿದ.

ಕುಡುಗೋಲುಗಳೆಲ್ಲ ಬಾಗಿಲ ಹೊರಗಿನ ಗೂಡಿನಲ್ಲಿದ್ದವು. ಬಾಗಿಲು ಇದ್ದದ್ದು ಎಲ್ಲಕ್ಕಿಂತ ತಗ್ಗಿನಲ್ಲಿ. ಹೊಳೆ ಮೊದಲು ಒಯ್ದದ್ದು ಅದನ್ನೇ. ವ್ಯಾಪಾರಿ ದಿಬ್ಬದ ಮೇಲೆ ನಿಂತು ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ಇಬ್ಬರು ಊರಿನ ಕಡೆ ಓಡಿದರು. ಊರು ಅರ್ಧ ಹರಿದಾರಿ ದೂರವಿತ್ತು, ನೀರು ಅಷ್ಟು ಹೊತ್ತು ಕಾಯುವಂತಿರಲಿಲ್ಲ.

ಸಾದಾ ಗಂಟುಗಳನ್ನು ಮುದುಕಿ ಬಿಚ್ಚಿದಳು. ಒಂದು, ಎರಡು, ಹೀಗೆ ಏಳು ದನಗಳು ಈಜುತ್ತಾ ತೆವಳುತ್ತಾ ಮೇಲೆ ಬಂದವು. ಉಳಿದ ಆರು ಗಂಟುಗಳು ಅವಳಿಗೆ ಒಗ್ಗಲಿಲ್ಲ. ಒಂದೊಂದು ಊರಿನವರ ಕಟ್ಟು ಒಂದೊಂದು ಥರ. ಪುಂಡಿ ನಾರಿನ ಹಗ್ಗ ನೀರು ಕುಡಿದು ಊದಿ ಕಲ್ಲಿನಂತಾಗಿತ್ತು. ಅವಳು ಉಗುರು ಹಾಕಿದಳು, ಹಲ್ಲು ಹಾಕಿದಳು. ಪ್ರತಿ ಕಂಬದ ಹತ್ತಿರವೂ ತಲೆಯೆತ್ತಿ ದಿಬ್ಬದ ಕಡೆ ಕೂಗಿದಳು.

"ಇದು ಯಾರು ಕಟ್ಟಿದ್ದಪ್ಪಾ? ಕಟ್ಟಿದೋರು ಬಂದು ಬಿಚ್ರಪ್ಪೋ!"

ದಿಬ್ಬದ ಮೇಲೆ ಕಟ್ಟಿದವರೂ ಇದ್ದರು. ಯಾರೂ ಅಲುಗಲಿಲ್ಲ. ಎಲ್ಲರೂ ಹೊಳೆಯನ್ನು ನೋಡುವವರಂತೆ ನಟಿಸುತ್ತಾ ತಂತಮ್ಮ ಕಂಬವನ್ನು ನೋಡುತ್ತಿದ್ದರು. ಭಯಕ್ಕೆ ಒಂದು ಗುಣವಿದೆ ಕೊಟ್ರಯ್ಯ, ಅದು ಗುಂಪಿನಲ್ಲಿ ನಿಂತಾಗ ತನ್ನನ್ನು ಬುದ್ಧಿವಂತಿಕೆ ಎಂದುಕೊಳ್ಳುತ್ತದೆ.

ಕೊನೆಯ ಕಂಬದಲ್ಲಿ, ಏರಿದ ನೀರು ಮೈಯೆತ್ತಿದ್ದರಿಂದ, ಕೆಂದ ಎದ್ದು ನಿಂತಿತ್ತು. ಬೇರೆ ದನಗಳೆಲ್ಲ ಹಗ್ಗ ಜಗ್ಗಿ ಜಗ್ಗಿ ಅರಚುತ್ತಿದ್ದವು. ಕೆಂದ ಅರಚಲಿಲ್ಲ. ಕತ್ತೆತ್ತಿ ದಿಬ್ಬದ ಕಡೆ ನೋಡುತ್ತಿತ್ತು. ನೀರು ಅದರ ಹೊಟ್ಟೆಗೆ ತಾಗಿತ್ತು. ರೈತ ಏನು ಮಾಡಿದ ಗೊತ್ತೇ? ಮುಂದೆ ನಿಂತಿದ್ದವನೊಬ್ಬನ ಬೆನ್ನ ಹಿಂದೆ ಸರಿದ. ಎತ್ತಿನ ಕಣ್ಣಿಗೆ ಬೀಳಬಾರದೆಂದು ಸರಿದ. ಹದಿನಾಲ್ಕು ವರ್ಷ ತನಗೆ ಅನ್ನ ಹಾಕಿದ ಪ್ರಾಣಿಯಿಂದ ಅವನು ಮುಖ ಮುಚ್ಚಿಕೊಂಡ. ಆ ನಾಚಿಕೆ ಅವನನ್ನು ಆಮೇಲೆ ಎಂದೂ ಬಿಡಲಿಲ್ಲ.

ಮುದುಕಿ ಕೊನೆಯ ಕಂಬಕ್ಕೆ ಬಂದಳು. ನೀರು ಅವಳ ಎದೆಗಿತ್ತು. ಗಂಟನ್ನು ಸುತ್ತಲೂ ತಡವಿದಳು. ತುದಿ ಸಿಗಲಿಲ್ಲ.

"ಹಿಂಬದಿ! ಕಂಬದ ಹಿಂಬದಿ ನೋಡವ್ವ! ಸುತ್ತಿನ ಕೆಳಗೆ!" ಎಂದು ರೈತ ಬೆನ್ನ ಹಿಂದಿನಿಂದಲೇ ಕೂಗಿದ. ನೀರಿನ ಅಬ್ಬರಕ್ಕೆ ಅವಳಿಗೆ ಕೇಳಿಸಲಿಲ್ಲ. ಅವನು ಮತ್ತೆ ಕೂಗಿದ. ಗಂಟಲು ಹರಿಯುವ ಹಾಗೆ ಕೂಗಿದ. ದಂಡೆಯಿಂದ ಕೂಗಿ ಹೇಳಿದರೆ ಬಿಚ್ಚುವ ಗಂಟು ಅದಾಗಿರಲಿಲ್ಲ.

"ಸಾಕು ಬಾ ಮುದುಕಿ, ಎತ್ತನ್ನು ಬಿಡು!" ಎಂದು ಜನ ಕೂಗಿದರು. ಅವಳು ಬಿಡಲಿಲ್ಲ. ಕಂಬವನ್ನು ತಬ್ಬಿಕೊಂಡು ನೀರೊಳಗೆ ಕೈಯಾಡಿಸುತ್ತಲೇ ಇದ್ದಳು. ಆಗ ರೈತನಿಗೆ ಇನ್ನೊಂದು ಭಯ ಹುಟ್ಟಿತು. ತಾನು ಕಟ್ಟಿದ ಗಂಟು ಈಗ ಎತ್ತೊಂದನ್ನೇ ಕಟ್ಟಿಹಾಕಿಲ್ಲ. ಆ ಮುದುಕಿಯನ್ನೂ ಕಟ್ಟಿಹಾಕಿದೆ.

ಅವನಿಗೆ ಈಜು ಬರುತ್ತಿರಲಿಲ್ಲ. ಧೈರ್ಯವೂ ಬಂದಿರಲಿಲ್ಲ. ಹೆದರಿಕೆಯಿಂದ ಹಲ್ಲು ಕಟಕಟ ಎನ್ನುತ್ತಿರುವಾಗಲೇ ದಿಬ್ಬ ಇಳಿದು ನೀರಿಗೆ ಕಾಲಿಟ್ಟ. ಕಂಬದಿಂದ ಕಂಬಕ್ಕೆ ಕೈ ಚಾಚಿ ಹಿಡಿಯುತ್ತಾ ಹೋದ. ದಾರಿಯಲ್ಲಿ ಐದು ದನಗಳನ್ನು ದಾಟಿದ. ಅವು ಅವನತ್ತ ನೋಡಿದವು. ಅವುಗಳ ಗಂಟು ಅವನಿಗೂ ಗೊತ್ತಿರಲಿಲ್ಲ.

ಕೊನೆಯ ಕಂಬ ಸಿಕ್ಕಿತು. ಗಂಟು ನೀರಿನಡಿಯಲ್ಲಿತ್ತು. ಅವನು ಉಸಿರು ಕಟ್ಟಿ ಮುಳುಗಿ ಹಿಂಬದಿಗೆ ಕೈ ಹಾಕಿದ. ತುದಿ ಇತ್ತು. ಎಳೆದ. ಬರಲಿಲ್ಲ. ಪ್ರವಾಹ ಎತ್ತನ್ನು ಹಿಂದಕ್ಕೆ ನೂಕಿ ಹಗ್ಗವನ್ನು ಸೆಟೆದು ನಿಲ್ಲಿಸಿತ್ತು. ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗಿದ. ಮತ್ತೆ ಬರಲಿಲ್ಲ. ಇನ್ನು ಸತ್ತೆವು ಎಂದುಕೊಂಡ.

ಆಗ ಕೆಂದ ಎರಡು ಹೆಜ್ಜೆ ಮುಂದೆ ಬಂತು.

ಆ ಪ್ರವಾಹಕ್ಕೆ ಎದುರಾಗಿ, ಆ ಸೋತ ಕಾಲುಗಳಲ್ಲಿ, ಗಂಟಿನ ಮೇಲಿರುವುದು ಆ ಕೈಯೇ ಎಂದು ಗುರುತು ಸಿಕ್ಕ ಕೂಡಲೇ ಎಂದಿನ ಹಾಗೆ ಮುಂದೆ ಬಂದು, ಹಗ್ಗ ಸಡಿಲ ಮಾಡಿ, ಅಲುಗದೆ ನಿಂತಿತು. ಗಂಟು ಒಂದೇ ಎಳೆತಕ್ಕೆ ಬಿಚ್ಚಿತು.

ರೈತ ಒಂದು ಕೈಯಲ್ಲಿ ಹಗ್ಗ ಹಿಡಿದ, ಇನ್ನೊಂದರಲ್ಲಿ ಮುದುಕಿಯ ರಟ್ಟೆ ಹಿಡಿದ. ನೆಲದ ಮೇಲೆ ಏಳಲಾರದ ಎತ್ತಿನ ಭಾರವನ್ನು ನೀರು ಹೊತ್ತಿತ್ತು. ಕೆಂದ ಈಜಿತು. ದಿಬ್ಬದ ಜನ ಇಳಿದು ಬಂದು ಮೂವರನ್ನೂ ಎಳೆದುಕೊಂಡರು. ಅವರು ಹಿಂತಿರುಗಿ ನೋಡುವಷ್ಟರಲ್ಲಿ ಚಪ್ಪರ ಕಾಣುತ್ತಿರಲಿಲ್ಲ. ಅರಚಾಟ ನಿಂತಿತ್ತು. ಅರಚುವಾಗ ಆಗಿದ್ದ ಭಯಕ್ಕಿಂತ ಅದು ನಿಂತಾಗ ಆದ ಭಯವೇ ದೊಡ್ಡದು ಎಂದು ಅಲ್ಲಿದ್ದವರು ಆಮೇಲೆ ಹೇಳುತ್ತಿದ್ದರು.

ಮೂರನೆಯ ದಿನ ನೀರು ಇಳಿಯಿತು. ಜನ ದೊಡ್ಡಿ ನೋಡಲು ಬಂದರು. ಚಪ್ಪರ ಹೋಗಿತ್ತು, ಬೇಲಿ ಹೋಗಿತ್ತು. ಕಂಬಗಳು ನಿಂತಿದ್ದವು. ಐದು ಕಂಬಗಳಲ್ಲಿ ಐದು ಗಂಟು, ಕಟ್ಟಿದಾಗ ಹೇಗಿದ್ದವೋ ಹಾಗೆಯೇ ಇದ್ದವು. ಮುದುಕಿ ಒಂದೊಂದು ಕಂಬದ ಮುಂದೆಯೂ ನಿಂತು, "ಇದು ಯಾರದಪ್ಪಾ?" ಎಂದು ಕೇಳಿದಳು. ಅವಳು ಬೈಯಲಿಲ್ಲ, ಬರೀ ಕೇಳಿದಳು. ತನ್ನ ಕೈಯ ಗಂಟು ಯಾರಿಗೆ ತಾನೇ ಗುರುತು ಸಿಗುವುದಿಲ್ಲ? ಆದರೂ ಒಬ್ಬನೂ ಬಾಯಿ ಬಿಡಲಿಲ್ಲ. ರೈತ ಅವರ ಮುಖಗಳನ್ನು ನೋಡಿದ. ನಾಲ್ಕು ತಿಂಗಳು ತಾನು ಹೊತ್ತು ತಿರುಗಿದ ಮುಖವೇ ಅಲ್ಲಿ ಐದು ಸಲ ಕಂಡಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕೊಟ್ರಯ್ಯ ಕೇಳಿದ.

"ರೈತ ಕೆಂದನನ್ನು ಮನೆಗೆ ಕರೆದುಕೊಂಡು ಹೋದನೇ ಅಜ್ಜಯ್ಯ?"

"ಇಲ್ಲ. ಮುದುಕಿಗೆ ಗೊತ್ತಿದ್ದ ಆರೈಕೆ ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವ್ಯಾಪಾರಿ ದಿಬ್ಬದ ಮೇಲೆ ಹೊಸ ದೊಡ್ಡಿ ಕಟ್ಟಿಸಿದ, ಹಳೆಯ ಎರಡು ಕಟ್ಟಳೆಗಳನ್ನೂ ಬಿಟ್ಟ. ಕೆಂದ ಅಲ್ಲೇ ಇತ್ತು. ರೈತ ದಿನಾ ಬೆಳಿಗ್ಗೆ ಹೋಗಿ ಮುದುಕಿಯ ಜೊತೆ ಸೇರಿ ಅದನ್ನು ಎಬ್ಬಿಸಿ ನಿಲ್ಲಿಸಿ ಬರುತ್ತಿದ್ದ. ಗಂಟನ್ನು ಮುದುಕಿಗೂ ಕಲಿಸಿದ. ಚಳಿಗಾಲದಲ್ಲಿ ಕೆಂದ ಸತ್ತಾಗ ಅದರ ತಲೆ ಅವನ ತೊಡೆಯ ಮೇಲಿತ್ತು."

"ಅಂದರೆ ಅವನ ಹೆದರಿಕೆ ಹೋಗಿತ್ತು."

"ಎಲ್ಲಿ ಹೋಗುತ್ತದೆ? ಹೆದರಿಕೊಂಡೇ ಕುಳಿತಿದ್ದ. ಎದ್ದು ಹಿತ್ತಲಿಗೆ ಹೋಗಲಿಲ್ಲ, ಅಷ್ಟೆ."

ಕೊಟ್ರಯ್ಯ ನಿಟ್ಟುಸಿರು ಬಿಟ್ಟ. "ಆದರೂ ಆ ಐವರದು ಎಂಥ ಎದೆ ಅಜ್ಜಯ್ಯ! ಕಟ್ಟಿ ಬಂದ ಮೇಲೆ ತಿರುಗಿಯೂ ನೋಡದ ಜನ!"

ಗುರುಗಳು ತಮ್ಮ ಬಲಗೈಯ ಬೆರಳುಗಳನ್ನು ನೋಡಿಕೊಂಡರು. ಎರಡು ಉಗುರುಗಳ ತುದಿ ಮುರಿದಿತ್ತು.

"ಪೂಜೆಗೆ ಮೊದಲು ನಿನ್ನ ಎಮ್ಮೆಯನ್ನು ನೀರಿಗೆ ಬಿಡೋಣವೆಂದು ಹೋಗಿದ್ದೆ ಕೊಟ್ರಯ್ಯ, ನೀನು ಹಾಕಿದ ಗಂಟು ನನಗೆ ಬಿಚ್ಚಲು ಬರಲಿಲ್ಲ."

ಕೊಟ್ರಯ್ಯ ಎದ್ದು ದೊಡ್ಡಿಯ ಕಡೆ ನಡೆದ.